ಮಳೆಗಾಲಕ್ಕೆ ಮುಂಚೆ ಕಟ್ಟಿಡುವ ಗಂಟು: ನೆರೆ, ಗುಡ್ಡ ಕುಸಿತಕ್ಕೆ ಮನೆಮಂದಿಯ ತುರ್ತು ಚೀಲ

2019ರ ಆಗಸ್ಟ್ ಮೊದಲ ವಾರ. ರಾತ್ರಿ ಊಟದ ಹೊತ್ತಿಗೆ ಉತ್ತರ ಕನ್ನಡದ ಗಂಗಾವಳಿ ಹೊಳೆ ನಮ್ಮ ತೋಟದ ಕೊನೆಯಲ್ಲಿತ್ತು. ಹನ್ನೆರಡು ಗಂಟೆಗೆ ಹಿತ್ತಲ ಬಾವಿಕಟ್ಟೆ ಕಾಣದಾಯಿತು. ಅಣ್ಣ, ನಾನು ಸೇರಿ ಟಿವಿಯನ್ನು ಅಟ್ಟಕ್ಕೆ ಹತ್ತಿಸಿದೆವು. ಮಿಕ್ಸಿ ಹತ್ತಿಸಿದೆವು. ಎರಡು ಮೂಟೆ ಅಕ್ಕಿ ಹತ್ತಿಸಿದೆವು. ಅಷ್ಟರಲ್ಲಿ ದೋಣಿಯವರು ಬಂದು ಕೂಗಿದರು. ಉಟ್ಟ ಬಟ್ಟೆಯಲ್ಲೇ ಹೊರಟೆವು. ಶಾಲೆಯ ಜಗಲಿಯಲ್ಲಿ ಹೋಗಿ ಕೂತ ಮೇಲೆ ಆಯಿ ಕೇಳಿದಳು, "ನನ್ನ ಬಿಪಿ ಗುಳಿಗೆ ತಂದಿದ್ಯಾ?" ಯಾರೂ ತಂದಿರಲಿಲ್ಲ.

ನೀರು ಇಳಿದು ಮನೆಗೆ ಬಂದಾಗ ಮಂಚದ ಕೆಳಗಿನ ಟ್ರಂಕಿನಲ್ಲಿ ಪಹಣಿ, ಅಂಕಪಟ್ಟಿ, ಪಾಸ್‌ಬುಕ್ ಎಲ್ಲ ಒಂದೇ ಮುದ್ದೆಯಾಗಿದ್ದವು. ಅಟ್ಟದ ಮೇಲಿನ ಟಿವಿ ಚೆನ್ನಾಗಿತ್ತು. ನಮಗೆ ಬುದ್ಧಿ ಇರಲಿಲ್ಲ ಅಂತಲ್ಲ. ನೀರು ಏರುವುದನ್ನು ನೋಡುತ್ತಾ ನಿಂತಾಗ ಯಾವುದು ಮುಖ್ಯ ಅಂತ ಯೋಚಿಸಲು ಯಾರಿಗೂ ಆಗುವುದಿಲ್ಲ. ಆ ಯೋಚನೆಯನ್ನೆಲ್ಲ ಮೇ ತಿಂಗಳಲ್ಲೇ, ಬಿಸಿಲಿನಲ್ಲಿ ಕೂತು ಮುಗಿಸಿಬಿಡಬೇಕು. ತುರ್ತು ಚೀಲ ಅಂದರೆ ಅದೇ: ಮೊದಲೇ ಮಾಡಿಟ್ಟ ತೀರ್ಮಾನಗಳು. ಅದನ್ನು ಹೇಗೆ ಕಟ್ಟುವುದು ಅಂತ ಒಂದೊಂದಾಗಿ ಹೇಳುತ್ತೇನೆ. ನಮ್ಮದು ಹೊಳೆ ದಂಡೆಯ ಊರಾದ್ದರಿಂದ ನೆರೆ, ಗುಡ್ಡ ಕುಸಿತದ ಮಾತೇ ಜಾಸ್ತಿ ಬರುತ್ತದೆ. ಆದರೆ ಚೀಲ ಎಲ್ಲ ಆಪತ್ತಿಗೂ ಹೆಚ್ಚುಕಡಿಮೆ ಒಂದೇ.

ಹೆಜ್ಜೆ 1: ನಿಮ್ಮ ಮನೆಗೆ ಬರುವ ಆಪತ್ತು ಯಾವುದು ಅಂತ ತಿಳಿಯಿರಿ

ಚೀಲ ಕೊಳ್ಳುವ ಮುಂಚೆ ಊರಿನ ಹಿರಿಯರ ಹತ್ತಿರ ಕೂತು ಮಾತಾಡಿ. ನೀರು ಎಲ್ಲಿಯವರೆಗೆ ಬಂದಿತ್ತು, ಯಾವ ದಾರಿ ಮೊದಲು ಮುಳುಗಿತು, ದನಗಳನ್ನು ಎಲ್ಲಿಗೆ ಹೊಡೆದುಕೊಂಡು ಹೋಗಿದ್ದರು ಅಂತ ಕೇಳಿ. ನಮ್ಮ ಮನೆಯ ಗೋಡೆಯಲ್ಲಿ 2019ರ ನೀರಿನ ಗೆರೆಯನ್ನು ಬಣ್ಣದಲ್ಲಿ ಎಳೆದಿಟ್ಟಿದ್ದೇವೆ. ಯಾವ ಕಪಾಟಿನ ಯಾವ ಅರೆಯಲ್ಲಿ ಏನಿಡಬೇಕು ಅಂತ ಆ ಗೆರೆಯೇ ಹೇಳುತ್ತದೆ.

ಹೊಳೆಯ ವಿಷಯದಲ್ಲಿ ಒಂದು ಮಾತು ನೆನಪಿಡಿ. ನಿಮ್ಮೂರಿನ ಮಳೆ ನೋಡಿ ನೆರೆಯನ್ನು ಅಳೆಯಬೇಡಿ. ಗಂಗಾವಳಿ ಹುಟ್ಟುವುದು ಧಾರವಾಡದ ಹತ್ತಿರ. ಅಲ್ಲಿಂದ ಬೇಡ್ತಿ ಎನಿಸಿಕೊಂಡು ಬಂದು, ಮಾಗೋಡಿನಲ್ಲಿ ಧುಮುಕಿ, ಘಟ್ಟ ಇಳಿದು ನಮ್ಮನ್ನು ಮುಟ್ಟುತ್ತದೆ. ಘಟ್ಟದ ಮೇಲೆ ರಾತ್ರಿಯಿಡೀ ಹೊಯ್ದರೆ ನಮ್ಮಲ್ಲಿ ಮಳೆ ನಿಂತ ಮೇಲೂ ಹೊಳೆ ಏರುತ್ತದೆ. ಕೃಷ್ಣೆಯ ದಂಡೆಯ ಅಥಣಿ, ಜಮಖಂಡಿ ಕಡೆಯವರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ. ಮಹಾಬಲೇಶ್ವರದಲ್ಲಿ ಮಳೆಯಾಗಿ, ಕೊಯ್ನಾದಿಂದ ನೀರು ಬಿಟ್ಟರೆ ಅವರ ಹೊಲಕ್ಕೆ ಬಿಸಿಲಿರುವಾಗಲೇ ಹೊಳೆ ಬರುತ್ತದೆ. ಆದ್ದರಿಂದ ಮೇಲಿನ ಜಿಲ್ಲೆಯ ಮಳೆ, ಮೇಲಿನ ಅಣೆಕಟ್ಟಿನ ಸುದ್ದಿ ದಿನಾ ನೋಡಿ.

ಹವಾಮಾನ ಇಲಾಖೆಯ ಬಣ್ಣಗಳನ್ನು ಮನೆಮಂದಿಗೆಲ್ಲ ಕಲಿಸಿ. ಹಳದಿ ಅಂದರೆ ಗಮನವಿಡಿ, ಕಿತ್ತಳೆ ಅಂದರೆ ಸಿದ್ಧರಾಗಿ, ಕೆಂಪು ಅಂದರೆ ಈಗಲೇ ಕ್ರಮ ತೆಗೆದುಕೊಳ್ಳಿ. 24 ಗಂಟೆಯಲ್ಲಿ 204.4 ಮಿಲಿಮೀಟರಿಗಿಂತ ಹೆಚ್ಚು ಬಿದ್ದರೆ ಅದನ್ನು ಅತ್ಯಂತ ಭಾರೀ ಮಳೆ ಅನ್ನುತ್ತಾರೆ. ನಮ್ಮ ಮನೆಯ ಲೆಕ್ಕ ಸರಳ: ಕಿತ್ತಳೆ ಬಂದರೆ ಚೀಲ ಬಾಗಿಲ ಹತ್ತಿರ ಬರುತ್ತದೆ, ಫೋನು ಪೂರ್ತಿ ಚಾರ್ಜ್ ಆಗುತ್ತದೆ. ಕೆಂಪು ಬಂದರೆ ಆಯಿಯನ್ನು, ಮಕ್ಕಳನ್ನು ಹಗಲಿರುವಾಗಲೇ ಎತ್ತರದ ನೆಂಟರ ಮನೆಗೆ ಕಳಿಸುತ್ತೇವೆ. ಫೋನಿನಲ್ಲಿ 'ಸಚೇತ್' ಆ್ಯಪ್ ಹಾಕಿಕೊಂಡರೆ ನಿಮ್ಮ ಜಾಗದ ಎಚ್ಚರಿಕೆ ಬರುತ್ತದೆ. ಸಿಡಿಲಿಗೆ 'ದಾಮಿನಿ' ಇದೆ. ಗದ್ದೆಯಲ್ಲಿ ಕೆಲಸ ಮಾಡುವವರ ಫೋನಿನಲ್ಲಿ ಇದು ಇರಲೇಬೇಕು.

ಗುಡ್ಡದ ಬುಡದಲ್ಲಿರುವವರು ಕಣ್ಣಿನ ಮೇಲೆ ಜಾಸ್ತಿ ನಂಬಿಕೆ ಇಡಬೇಕು. ಅಂಗಳದಲ್ಲಿ, ಧರೆಯಲ್ಲಿ ಹೊಸ ಬಿರುಕು ಬಿಟ್ಟಿದೆಯಾ? ಕರೆಂಟ್ ಕಂಬ, ಅಡಿಕೆ ಮರ ವಾಲಿವೆಯಾ? ತಿಳಿಯಾಗಿ ಬರುತ್ತಿದ್ದ ಒರತೆ ಏಕಾಏಕಿ ಕೆಂಪಾಯಿತಾ, ಅಥವಾ ಹೊಸ ಜಾಗದಲ್ಲಿ ನೀರು ಜಿನುಗುತ್ತಿದೆಯಾ? ಬಾಗಿಲು, ಕಿಟಕಿ ಇದ್ದಕ್ಕಿದ್ದಂತೆ ಹಿಡಿದುಕೊಳ್ಳುತ್ತಿವೆಯಾ? ಇವುಗಳಲ್ಲಿ ಒಂದು ಕಂಡರೂ ಆ ರಾತ್ರಿ ಆ ಮನೆಯಲ್ಲಿ ಮಲಗಬೇಡಿ. 2024ರ ಜುಲೈ 16ರ ಬೆಳಿಗ್ಗೆ ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಹೆದ್ದಾರಿ ಬದಿಯ ಗುಡ್ಡ ಕುಸಿದು ಗಂಗಾವಳಿಗೆ ಬಿತ್ತು. ಆ ಹೊಡೆತಕ್ಕೆ ಹೊಳೆಯ ನೀರು ಎದ್ದು ಎದುರು ದಡದ ಉಳುವರೆಯ ಮನೆಗಳಿಗೆ ಬಡಿಯಿತು. ಅವರ ಮನೆ ಗುಡ್ಡದ ಬುಡದಲ್ಲಿ ಇರಲೇ ಇಲ್ಲ. ಅದೇ ತಿಂಗಳ 30ರಂದು ವಯನಾಡಿನ ಮುಂಡಕ್ಕೈ, ಚೂರಲ್‌ಮಲದಲ್ಲಿ ಗುಡ್ಡ ಬಂದಿದ್ದು ನಡುರಾತ್ರಿ, ಜನ ಮಲಗಿದ್ದಾಗ. ಹಾಗಾಗಿ ಟಾರ್ಚು ತಲೆದಿಂಬಿನ ಪಕ್ಕ, ಚಪ್ಪಲಿ ಮಂಚದ ಕೆಳಗೆ.

ಹೆಜ್ಜೆ 2: ಚೀಲ ಒಂದಲ್ಲ, ಎರಡು ಕಟ್ಟು

ಒಂದು, ಎತ್ತಿಕೊಂಡು ಓಡುವ ಚೀಲ. ಇನ್ನೊಂದು, ಮನೆಯಲ್ಲೇ ಸಿಕ್ಕಿಬಿದ್ದರೆ ಬೇಕಾಗುವ ಡಬ್ಬಿ. ದಾರಿ ಮುಚ್ಚಿ, ಕರೆಂಟು ಹೋಗಿ, ನೀವು ಮಾತ್ರ ಮನೆಯಲ್ಲಿ ಸುರಕ್ಷಿತವಾಗಿದ್ದೀರಿ ಅಂದಾಗ ಈ ಡಬ್ಬಿ ಬೇಕು. ಎರಡನ್ನೂ 3 ದಿನದ ಲೆಕ್ಕಕ್ಕೆ ಮಾಡಿ. ಹೊರಗಿನ ನೆರವು ತಲುಪಲು ಅಷ್ಟು ಹೊತ್ತು ಬೇಕಾಗಬಹುದು.

ಓಡುವ ಚೀಲಕ್ಕೆ ಎರಡೂ ಹೆಗಲಿಗೆ ಹಾಕುವ ಶಾಲೆಯ ಬ್ಯಾಗೇ ಸಾಕು. ಕೈಯಲ್ಲಿ ಹಿಡಿಯುವ ಚೀಲ ಬೇಡ. ದೋಣಿ ಹತ್ತುವಾಗ, ಮಗುವನ್ನು ಎತ್ತಿಕೊಳ್ಳುವಾಗ ಎರಡು ಕೈಯೂ ಖಾಲಿ ಇರಬೇಕು. ಒಳಗೆ ಮೊದಲು ಒಂದು ದಪ್ಪ ಪ್ಲಾಸ್ಟಿಕ್ ಚೀಲ ಹಾಕಿ, ಅದರೊಳಗೆ ಎಲ್ಲ ಜೋಡಿಸಿ, ಬಾಯಿ ತಿರುಚಿ ಕಟ್ಟಿ. ದೊಡ್ಡವರ ಚೀಲ 6–8 ಕಿಲೋ ದಾಟಬಾರದು. ತುಂಬಿದ ಮೇಲೆ ಹೆಗಲಿಗೆ ಹಾಕಿ ಮೆಟ್ಟಿಲು ಹತ್ತಿ ಇಳಿದು ನೋಡಿ. ಉಸಿರು ಕಟ್ಟಿದರೆ ಏನನ್ನಾದರೂ ತೆಗೆಯಿರಿ.

ಮನೆಯ ಡಬ್ಬಿಗೆ ನಮ್ಮ ಕಡೆ ಸಿಗುವ ತಿರುಗಿಸುವ ಮುಚ್ಚಳದ ನೀಲಿ ಡ್ರಮ್ಮಿನಷ್ಟು ಒಳ್ಳೆಯದು ಇನ್ನೊಂದಿಲ್ಲ. ಒಳಗೆ ನೀರು ಹೋಗುವುದಿಲ್ಲ, ಇಲಿ ಕಡಿಯುವುದಿಲ್ಲ, ನೀರು ಬಂದರೆ ತೇಲುತ್ತದೆ. ಅದಕ್ಕೊಂದು ಹಗ್ಗ ಕಟ್ಟಿ ಮೇಲಿನ ಜಂತಿಗೆ ಬಿಗಿದಿಡಿ. ಅದು ಸಿಗದಿದ್ದರೆ 20 ಲೀಟರಿನ ಪೇಂಟ್ ಬಕೆಟ್ ತೊಳೆದು ಒಣಗಿಸಿ ಬಳಸಬಹುದು.

ಹೆಜ್ಜೆ 3: ನೀರು

ಸುತ್ತಲೂ ನೀರು, ಕುಡಿಯಲು ಮಾತ್ರ ಇಲ್ಲ. ನೆರೆಯ ಮೊದಲ ಕಷ್ಟವೇ ಇದು. ಊರಿಗೆ ಮಾತ್ರ ಅಲ್ಲ, ನಗರಕ್ಕೂ. 2022ರ ಸೆಪ್ಟೆಂಬರಿನಲ್ಲಿ ಬೆಂಗಳೂರಿನ ಮಹದೇವಪುರ, ಬೆಳ್ಳಂದೂರು ಕಡೆ ಜನ ಟ್ರ್ಯಾಕ್ಟರಿನಲ್ಲಿ, ದೋಣಿಯಲ್ಲಿ ಹೊರಬಂದರಲ್ವಾ? ಅದೇ ಹೊತ್ತಿಗೆ ಮಳವಳ್ಳಿ ತಾಲ್ಲೂಕಿನ ತೊರೆಕಾಡನಹಳ್ಳಿಯಲ್ಲಿ ಕಾವೇರಿ ನೀರೆತ್ತುವ ಘಟಕಕ್ಕೂ ನೀರು ನುಗ್ಗಿತು. ಬೆಂಗಳೂರಿನ ಎಷ್ಟೋ ಬಡಾವಣೆಗಳಲ್ಲಿ ನಲ್ಲಿ ನಿಂತವು. ಅಪಾರ್ಟ್‌ಮೆಂಟಿನಲ್ಲಿ ಇರುವವರು ಇನ್ನೊಂದು ನೆನಪಿಡಿ: ಸಂಪಿನ ಮೋಟರ್ ಇರುವುದು ಬೇಸ್‌ಮೆಂಟಿನಲ್ಲಿ. ಬೇಸ್‌ಮೆಂಟ್ ತುಂಬಿತು ಅಂದರೆ ಹತ್ತನೇ ಮಹಡಿಯಲ್ಲಿದ್ದರೂ ನೀರಿಲ್ಲ, ಲಿಫ್ಟಿಲ್ಲ.

ಕುಡಿಯಲು, ಅಡುಗೆಗೆ ಸೇರಿ ಒಬ್ಬರಿಗೆ ದಿನಕ್ಕೆ 3–4 ಲೀಟರ್ ಬೇಕು. ಐದು ಜನರ ಮನೆಗೆ 3 ದಿನಕ್ಕೆ ಕಡಿಮೆಯೆಂದರೂ 45 ಲೀಟರ್. ಇದನ್ನು ಹೊತ್ತುಕೊಂಡು ಓಡಲಾಗದು. ಹಾಗಾಗಿ ಓಡುವ ಚೀಲದಲ್ಲಿ ಒಬ್ಬರಿಗೆ ಒಂದು ಲೀಟರಿನ ಬಾಟಲಿ, ಮನೆಯಲ್ಲಿ ಎರಡು 20 ಲೀಟರಿನ ಕ್ಯಾನ್, ಐದು ಲೀಟರಿನದೊಂದು. ಕಿತ್ತಳೆ ಎಚ್ಚರಿಕೆ ಬಂದ ಕೂಡಲೇ ಹಂಡೆ, ಕೊಡ, ಬಕೆಟ್ ಎಲ್ಲ ತುಂಬಿಸಿ ಮುಚ್ಚಿಡಿ. ಕರೆಂಟ್ ಹೋದ ಮೇಲೆ ಪಂಪು ನಡೆಯುವುದಿಲ್ಲ.

ನೀರು ಮುಗಿದರೆ ಸಿಕ್ಕಿದ ನೀರನ್ನು ಶುದ್ಧ ಮಾಡಬೇಕು. ಮೊದಲು ನಾಲ್ಕು ಪದರ ಮಡಿಚಿದ ಬಿಳಿ ಪಂಚೆಯಲ್ಲಿ ಸೋಸಿ. ಆಮೇಲೆ ಕುದಿಸಿ. ಗುಳ್ಳೆ ಎದ್ದು ಕೊತಕೊತ ಕುದಿಯಲು ಶುರುವಾದ ಮೇಲೆ ಒಂದು ನಿಮಿಷ ಬಿಟ್ಟರೆ ಸಾಕು. ಬೆಂಕಿ ಇಲ್ಲದಿದ್ದರೆ ಕ್ಲೋರಿನ್ ಗುಳಿಗೆ. ಔಷಧಿ ಅಂಗಡಿಯಲ್ಲಿ ಸಿಗುತ್ತದೆ, ಮಳೆಗಾಲದಲ್ಲಿ ಆಶಾ ಕಾರ್ಯಕರ್ತೆಯನ್ನೂ ಕೇಳಬಹುದು. ಎಷ್ಟು ಲೀಟರಿಗೆ ಒಂದು ಗುಳಿಗೆ ಅಂತ ಪಟ್ಟಿಯ ಮೇಲೆ ಬರೆದಿರುತ್ತದೆ, ಅದರಂತೆಯೇ ಹಾಕಿ ಅರ್ಧ ಗಂಟೆ ಕಾಯಿರಿ.

ಹೆಜ್ಜೆ 4: ಒಲೆ ಹಚ್ಚದೆ ಉಣ್ಣುವಂಥದ್ದು

ಎಷ್ಟೋ ಪಟ್ಟಿಗಳಲ್ಲಿ ಡಬ್ಬಿಯಲ್ಲಿ ಬರುವ ಆಹಾರ ಬರೆದಿರುತ್ತಾರೆ. ನಮಗೆ ಅದರ ಅಗತ್ಯವೇ ಇಲ್ಲ. ದೂರ ಪ್ರಯಾಣಕ್ಕೆ ಬುತ್ತಿ ಕಟ್ಟಿ ಗೊತ್ತಿರುವ ಜನ ನಾವು. ತೆಳು ಅವಲಕ್ಕಿ ತಣ್ಣೀರಿನಲ್ಲೇ ಎರಡು ನಿಮಿಷಕ್ಕೆ ನೆನೆಯುತ್ತದೆ, ಬೆಲ್ಲ ಕಲಸಿದರೆ ಊಟ. ರಾಗಿ ಹುರಿಹಿಟ್ಟಿಗೂ ನೀರು, ಬೆಲ್ಲ ಸಾಕು. ಹುರಿಗಡಲೆ, ಶೇಂಗಾ ಚಿಕ್ಕಿ, ಖರ್ಜೂರ, ಬಿಸ್ಕತ್ತು ಇರಲಿ. ಚಟ್ನಿಪುಡಿ ಸಣ್ಣ ಡಬ್ಬಿಯಲ್ಲಿ. ಉಪ್ಪಿನಕಾಯಿ ಬೇಡ, ಎಣ್ಣೆ ಸೋರಿ ಬಟ್ಟೆಯೆಲ್ಲ ಹಾಳು.

ನನಗೆ ಎಲ್ಲಕ್ಕಿಂತ ಮೆಚ್ಚುಗೆಯಾದದ್ದು ಉತ್ತರ ಕರ್ನಾಟಕದ ಕಡಕ್ ರೊಟ್ಟಿ. ಬೇಯಿಸಿ, ಒಣಗಿಸಿ ಇಟ್ಟರೆ ವಾರಗಟ್ಟಲೆ ಕೆಡುವುದಿಲ್ಲ, ತೂಕವೂ ಇಲ್ಲ. ಆ ಕಡೆ ನೆರೆ ಬಂದಾಗಲೆಲ್ಲ ಹೊಳೆ ಮುಟ್ಟದ ಊರಿನ ಹೆಂಗಸರು ಕೂತು ರೊಟ್ಟಿ ಬಡಿದು ಗಂಟುಗಟ್ಟಲೆ ಕಳಿಸುತ್ತಾರೆ. ಅವರ ಅಡುಗೆಮನೆಯ ಈ ಜಾಣತನವನ್ನು ಕರಾವಳಿ, ಮಲೆನಾಡಿನ ನಾವೂ ಕಲಿಯಬೇಕು. ಒಂದೇ ತೊಂದರೆ, ನಮ್ಮ ಕಡೆಯ ಹವೆಯಲ್ಲಿ ಜೂನ್ ಬಂದರೆ ಹಪ್ಪಳವೂ ಮೆತ್ತಗಾಗುತ್ತದೆ. ಅದಕ್ಕೆ ಮೇ ತಿಂಗಳ ಬಿಸಿಲಿನಲ್ಲೇ ಎಲ್ಲವನ್ನೂ ಇನ್ನೊಮ್ಮೆ ಒಣಗಿಸಿ, ಒಬ್ಬೊಬ್ಬರ ಒಂದು ಹೊತ್ತಿನ ಊಟದಷ್ಟನ್ನು ಒಂದೊಂದು ಜಿಪ್ ಕವರಿಗೆ ಹಾಕಿ, ಗಾಳಿ ತೆಗೆದು ಮುಚ್ಚಿ. ದೊಡ್ಡ ಡಬ್ಬಿಯನ್ನು ಒಮ್ಮೆ ಬಿಚ್ಚಿದರೆ ಇಡೀ ಡಬ್ಬಿ ಮೆತ್ತಗಾಗುತ್ತದೆ. ಸಣ್ಣ ಕವರಾದರೆ ಬೇಕಾದಷ್ಟೇ ಬಿಚ್ಚಬಹುದು.

ಎದೆಹಾಲು ಕುಡಿಯುವ ಮಗುವಿದ್ದರೆ ಎದೆಹಾಲು ನಿಲ್ಲಿಸಬೇಡಿ. ಅದಕ್ಕಿಂತ ಶುದ್ಧವಾದದ್ದು ಆಗ ಬೇರೆ ಸಿಗುವುದಿಲ್ಲ. ತಾಯಿಗೆ ಎರಡು ಪಾಲು ನೀರು, ಆಹಾರ ಇಡಿ.

ಹೆಜ್ಜೆ 5: ಔಷಧಿ

ಇಲ್ಲಿ ನಾವು ಎಡವಿದ್ದೇವೆ, ಅದಕ್ಕೇ ಗಟ್ಟಿಯಾಗಿ ಹೇಳುತ್ತೇನೆ. ದಿನಾ ತೆಗೆದುಕೊಳ್ಳುವ ಬಿಪಿ, ಸಕ್ಕರೆ ಕಾಯಿಲೆ, ಥೈರಾಯ್ಡ್, ಫಿಟ್ಸ್, ಆಸ್ತಮಾ ಔಷಧಿಗಳು ಕನಿಷ್ಠ ಒಂದು ವಾರಕ್ಕೆ ಆಗುವಷ್ಟು ಚೀಲದಲ್ಲಿ ಇರಬೇಕು. 'ಹೊರಡುವಾಗ ಹಾಕಿಕೊಳ್ಳೋಣ' ಅನ್ನಬೇಡಿ, ಅದು ಆಗುವುದಿಲ್ಲ. ಹೊಸ ಪಟ್ಟಿ ತಂದಾಗ ಅದನ್ನು ಚೀಲಕ್ಕೆ ಹಾಕಿ, ಚೀಲದಲ್ಲಿದ್ದ ಹಳೆಯದನ್ನು ತೆಗೆದು ಬಳಸಿ. ಆಗ ಅವಧಿ ಮುಗಿಯುವ ಪ್ರಶ್ನೆಯೇ ಬರುವುದಿಲ್ಲ. ಡಾಕ್ಟರ ಚೀಟಿಯ ಝೆರಾಕ್ಸ್ ಜೊತೆಗಿರಲಿ. ಗುಳಿಗೆಯ ಹೆಸರು ಗೊತ್ತಿಲ್ಲದೆ 'ಬಿಳಿ ಬಣ್ಣದ ಸಣ್ಣ ಗುಳಿಗೆ' ಅಂದರೆ ಶಿಬಿರದ ಡಾಕ್ಟರಾದರೂ ಏನು ಮಾಡಿಯಾರು?

ಇನ್ಸುಲಿನ್ ಇರುವವರಿಗೆ ಫ್ರಿಜ್ ನಿಂತರೆ ಗಾಬರಿ. ಅದು ತಂಪು ಜಾಗದಲ್ಲಿ, ಬಿಸಿಲು ತಾಗದಂತೆ ಇದ್ದರೆ ಕೆಲವು ದಿನದಲ್ಲಿ ಕೆಡುವುದಿಲ್ಲ. ಎರಡು ಮಣ್ಣಿನ ಕುಡಿಕೆ ತೆಗೆದುಕೊಂಡು, ದೊಡ್ಡದರೊಳಗೆ ಸಣ್ಣದಿಟ್ಟು, ನಡುವೆ ಒದ್ದೆ ಮರಳು ತುಂಬಿ. ಒಳಗಿನ ಕುಡಿಕೆಯಲ್ಲಿ ಕವರಿನಲ್ಲಿ ಸುತ್ತಿದ ಇನ್ಸುಲಿನ್ ಇಟ್ಟು ಒದ್ದೆ ಬಟ್ಟೆ ಮುಚ್ಚಿ. ಐಸಿನ ಮೇಲೆ ನೇರ ಇಡಬೇಡಿ, ಹೆಪ್ಪುಗಟ್ಟಿದ ಇನ್ಸುಲಿನ್ ಕೆಲಸಕ್ಕೆ ಬಾರದು.

ಉಳಿದದ್ದು: ಬ್ಯಾಂಡೇಜ್ ಬಟ್ಟೆ, ಹತ್ತಿ, ಗಾಯಕ್ಕೆ ಹಚ್ಚುವ ಮುಲಾಮು, ಡೆಟಾಲ್, ಪ್ಯಾರಾಸಿಟಮಾಲ್, ಸಣ್ಣ ಕತ್ತರಿ, ಸೊಳ್ಳೆ ಮುಲಾಮು, ಓಆರ್‌ಎಸ್ ಪೊಟ್ಟಣ ಹತ್ತು. ಓಆರ್‌ಎಸ್ ಪೂರ್ತಿ ಪೊಟ್ಟಣವನ್ನು ಅದರ ಮೇಲೆ ಬರೆದಷ್ಟೇ ನೀರಿಗೆ ಕಲಸಬೇಕು, ದೊಡ್ಡ ಪೊಟ್ಟಣಕ್ಕೆ ಒಂದು ಲೀಟರ್. ಅರ್ಧ ಪೊಟ್ಟಣ ಒಂದು ಲೋಟಕ್ಕೆ ಅಂತ ಅಂದಾಜು ಮಾಡಬೇಡಿ. ಪೊಟ್ಟಣ ಇಲ್ಲದಿದ್ದರೆ ಒಂದು ಲೀಟರ್ ಶುದ್ಧ ನೀರಿಗೆ ಮಟ್ಟಸ 6 ಚಮಚ ಸಕ್ಕರೆ, ಮಟ್ಟಸ ಅರ್ಧ ಚಮಚ ಉಪ್ಪು. ಚಮಚ ಅಂದರೆ ಟೀ ಚಮಚ. ಮಲೆನಾಡಿನವರು ಒಂದು ಪೊಟ್ಟಣ ಪುಡಿ ಉಪ್ಪು ಬೇರೆಯೇ ಇಟ್ಟುಕೊಳ್ಳಿ, ಕಾಡುದಾರಿಯಲ್ಲಿ ನಡೆಯಬೇಕಾದರೆ ಉಂಬಳಕ್ಕೆ (ಜಿಗಣೆಗೆ) ಬೇಕಾಗುತ್ತದೆ.

ಅಜ್ಜ ಅಜ್ಜಿಯರ ಹಳೆಯ ಕನ್ನಡಕ ಎಸೆಯಬೇಡಿ, ಚೀಲಕ್ಕೆ ಹಾಕಿ. ಕಿವಿಯ ಮಿಷನ್ ಇದ್ದರೆ ಅದರ ಸೆಲ್ಲು ಕೂಡ.

ಕಾಲಿನಲ್ಲಿ ಗಾಯವಿದ್ದು ನೆರೆ ನೀರಿನಲ್ಲಿ ನಡೆದವರಿಗೆ ಇಲಿ ಜ್ವರ ಬರಬಹುದು. ಗಾಯವನ್ನು ಪ್ಲಾಸ್ಟಿಕ್ ಸುತ್ತಿ ಮುಚ್ಚಿ, ಆಮೇಲೆ ಸೋಪಿನಲ್ಲಿ ತೊಳೆಯಿರಿ. ಮುಂಜಾಗ್ರತೆಗೆ ಗುಳಿಗೆ ಬೇಕಾ ಅಂತ ಆರೋಗ್ಯ ಕೇಂದ್ರದಲ್ಲಿ ಕೇಳಿ. ಜ್ವರ, ಮೈಕೈ ನೋವು ಬಂದರೆ ನೆರೆ ನೀರು ತುಳಿದಿದ್ದೆ ಅಂತ ಡಾಕ್ಟರಿಗೆ ಮೊದಲೇ ಹೇಳಿ.

ಹೆಜ್ಜೆ 6: ಕಾಗದ ಪತ್ರ, ದುಡ್ಡು

ಮನೆ ಬಿದ್ದರೆ ಪರಿಹಾರ ಸಿಗುವುದು ಕಾಗದ ಇದ್ದವರಿಗೆ. ಗ್ರಾಮ ಆಡಳಿತಾಧಿಕಾರಿ ಸಮೀಕ್ಷೆಗೆ ಬಂದಾಗ ಆಧಾರ್, ರೇಷನ್ ಕಾರ್ಡ್, ಬ್ಯಾಂಕ್ ಖಾತೆ, ಮನೆಯ ಪತ್ರ ಕೇಳುತ್ತಾರೆ. ಇವುಗಳ ಜೊತೆ ಪಹಣಿ, ಹಕ್ಕುಪತ್ರ, ಎಸ್ಸೆಸ್ಸೆಲ್ಸಿ ಮತ್ತು ಮುಂದಿನ ಅಂಕಪಟ್ಟಿಗಳು, ಜಾತಿ–ಆದಾಯ ಪ್ರಮಾಣಪತ್ರ, ಜನನ ಪ್ರಮಾಣಪತ್ರ, ವಿಮೆ ಪಾಲಿಸಿ, ಗಾಡಿಯ ಆರ್‌ಸಿ ಇರಲಿ.

ಕಟ್ಟುವ ರೀತಿ ಹೀಗೆ. ಒಂದು ಗಟ್ಟಿ ಜಿಪ್ ಕವರಿಗೆ ಕಾಗದ ಹಾಕಿ. ಮೇಜಿನ ಮೇಲಿಟ್ಟು ಅಂಗೈಯಲ್ಲಿ ಒತ್ತುತ್ತಾ ಗಾಳಿಯೆಲ್ಲ ಹೊರಗೆ ಹಾಕಿ ಮುಚ್ಚಿ. ಅದನ್ನು ತಲೆಕೆಳಗು ಮಾಡಿ ಇನ್ನೊಂದು ಕವರಿಗೆ ಇಳಿಸಿ. ಒಳಗಿನ ಕವರಿನ ಬಾಯಿ ಹೊರಗಿನ ಕವರಿನ ಬುಡಕ್ಕೆ ಬರಬೇಕು. ಹೊರಗಿನದರ ಬಾಯಿಗೆ ಪ್ಲಾಸ್ಟಿಕ್ ಟೇಪ್ ಸುತ್ತಿ. ಕಾಗದ ಹಾಕುವ ಮುಂಚೆ ಪರೀಕ್ಷೆ ಮಾಡಿ ನೋಡಿ: ಹಳೆಯ ಪೇಪರಿನ ತುಂಡೊಂದನ್ನು ಹೀಗೇ ಕಟ್ಟಿ, ಬಕೆಟ್ ನೀರಿನಲ್ಲಿ ಕಲ್ಲು ಹೇರಿ ರಾತ್ರಿಯಿಡೀ ಮುಳುಗಿಸಿಡಿ. ಬೆಳಿಗ್ಗೆ ಪೇಪರ್ ಗರಿಗರಿಯಾಗಿದ್ದರೆ ಆ ಕವರನ್ನು ನಂಬಬಹುದು. ನಾನು ತಂದ ಮೊದಲ ಎರಡು ಬಗೆಯ ಕವರುಗಳಲ್ಲಿ ಪೇಪರ್ ತೊಯ್ದುಹೋಗಿತ್ತು.

ಮೂಲ ಅಂಕಪಟ್ಟಿಗಳಿಗೆ ಲ್ಯಾಮಿನೇಷನ್ ಮಾಡಿಸಬೇಡಿ, ಮುಂದೆ ಕೆಲವು ಕಡೆ ತೊಂದರೆಯಾಗುತ್ತದೆ. ಎಲ್ಲದರ ಫೋಟೊ ತೆಗೆದು ಬೇರೆ ಊರಿನ ನೆಂಟರೊಬ್ಬರಿಗೆ ಕಳಿಸಿಡಿ. ಡಿಜಿಲಾಕರಿನಲ್ಲಿ ಆಧಾರ್, ಲೈಸೆನ್ಸ್, ಆರ್‌ಸಿ ಸೇರಿಸಿಕೊಂಡರೆ ಮೂಲ ಕಳೆದರೂ ದಾರಿ ಇರುತ್ತದೆ. ಮನೆಯ ಪ್ರತಿ ಕೋಣೆ, ಕೊಟ್ಟಿಗೆ, ಪಂಪ್‌ಸೆಟ್, ತೋಟದ ಫೋಟೊವನ್ನೂ ಮೇ ತಿಂಗಳಲ್ಲೇ ತೆಗೆದಿಡಿ. ಹಾನಿಯಾದ ಮೇಲೆ ಮೊದಲು ಹೇಗಿತ್ತು ಅಂತ ತೋರಿಸಲು ಬೇರೆ ದಾರಿ ಇಲ್ಲ.

ಕಾಗದ ಒದ್ದೆಯಾಗಿಬಿಟ್ಟರೆ ಹಾಳೆ ಹಾಳೆ ಕಿತ್ತು ಬಿಡಿಸಲು ಹೋಗಬೇಡಿ. ನಾವು ಕಿತ್ತೆವು, ಸಹಿ ಇದ್ದ ಪದರವೇ ಎದ್ದು ಬಂತು. ಮುದ್ದೆಯನ್ನು ಹಾಗೇ ನೆರಳಿನಲ್ಲಿ, ಫ್ಯಾನಿನ ಕೆಳಗೆ ಇಡಿ. ತಾನಾಗಿ ಬಿಡುವ ಹಾಳೆಗಳನ್ನು ಮಾತ್ರ ಬೇರೆ ಮಾಡಿ, ನಡುವೆ ಬಿಳಿ ಕಾಗದ ಇಡುತ್ತಾ ಹೋಗಿ.

ದುಡ್ಡು ಚಿಲ್ಲರೆಯಲ್ಲಿ ಇರಲಿ. ಟವರ್ ಸತ್ತರೆ ಫೋನಿನಲ್ಲಿ ದುಡ್ಡು ಕೊಡುವುದು ನಡೆಯುವುದಿಲ್ಲ, 500ರ ನೋಟಿಗೆ ಯಾರ ಹತ್ತಿರವೂ ಚಿಲ್ಲರೆ ಇರುವುದಿಲ್ಲ. 10, 20, 50, 100ರ ನೋಟುಗಳಲ್ಲಿ ಎರಡು ಸಾವಿರ ಸಾಕು.

ಹೆಜ್ಜೆ 7: ಬೆಳಕು, ಫೋನು, ಸುದ್ದಿ

ತಲೆಗೆ ಕಟ್ಟುವ ಟಾರ್ಚ್ ತೆಗೆದುಕೊಳ್ಳಿ, ಕೈ ಖಾಲಿ ಇರುತ್ತದೆ. ಸೆಲ್ಲುಗಳನ್ನು ಟಾರ್ಚಿನೊಳಗೆ ಬಿಡಬೇಡಿ, ಸೋರಿ ಹಾಳಾಗುತ್ತದೆ. ಬೇರೆ ಸುತ್ತಿ ಪಕ್ಕದಲ್ಲಿಡಿ. ಗ್ಯಾಸ್ ಸೋರಿರಬಹುದಾದ ಮನೆಯಲ್ಲಿ ಮೇಣದಬತ್ತಿ ಹಚ್ಚಲೇಬಾರದು.

10,000 ಎಂಎಎಚ್‌ನ ಪವರ್ ಬ್ಯಾಂಕ್ ಒಂದು ಫೋನನ್ನು ಒಂದರಿಂದ ಎರಡು ಸಲ ತುಂಬಿಸುತ್ತದೆ. ತಿಂಗಳ ಒಂದನೇ ತಾರೀಕು ಅದನ್ನು ಚಾರ್ಜ್ ಮಾಡುವುದು ಅಂತ ಇಟ್ಟುಕೊಳ್ಳಿ. ಕರೆ ಹೋಗದಿದ್ದಾಗಲೂ ಎಸ್ಸೆಮ್ಮೆಸ್ ಹೋಗುವ ಸಾಧ್ಯತೆ ಜಾಸ್ತಿ. ಸೆಲ್ಲಿನ ಸಣ್ಣ ರೇಡಿಯೊ ಒಂದಿರಲಿ. ಟವರ್ ಬಿದ್ದ ದಿನ ನಮಗೆ ಸುದ್ದಿ ಕೊಟ್ಟಿದ್ದು ಆಕಾಶವಾಣಿಯೇ.

ನಂಬರುಗಳನ್ನು ಕೈಯಲ್ಲಿ ಬರೆದು ಎಲ್ಲರ ಚೀಲದಲ್ಲೂ ಹಾಕಿ. ಯಾವುದೇ ತುರ್ತಿಗೆ 112, ಆಂಬ್ಯುಲೆನ್ಸ್‌ಗೆ 108, ಜಿಲ್ಲೆಯ ವಿಪತ್ತು ನಿಯಂತ್ರಣ ಕೊಠಡಿಗೆ 1077, ರಾಜ್ಯದ್ದಕ್ಕೆ 1070, ಕರೆಂಟ್ ತಂತಿ ಬಿದ್ದರೆ 1912. ಜೊತೆಗೆ ದೂರದೂರಿನ ನೆಂಟರೊಬ್ಬರದು. ಮನೆಮಂದಿ ಬೇರೆ ಬೇರೆಯಾದರೆ ಎಲ್ಲರೂ ಅವರಿಗೆ ಸುದ್ದಿ ಕೊಡುವುದು. ನಮ್ಮ ಮನೆಗೆ ಪುಣೆಯ ಚಿಕ್ಕಮ್ಮ.

ಒಂದೊಂದು ಸೀಟಿ ಪ್ರತಿ ಚೀಲಕ್ಕೂ ಕಟ್ಟಿ. ಮಣ್ಣಿನಡಿ, ಮಾಡಿನ ಮೇಲೆ ಸಿಕ್ಕಿದವರು ಕೂಗಿ ಕೂಗಿ ಸುಸ್ತಾಗುತ್ತಾರೆ. ಮೂರು ಸಲ ಊದಿ, ನಿಲ್ಲಿಸಿ, ಮತ್ತೆ ಮೂರು ಸಲ.

ಹೆಜ್ಜೆ 8: ಬಟ್ಟೆಬರೆ, ಮಕ್ಕಳು, ದನಕರು

ಒಬ್ಬೊಬ್ಬರಿಗೆ ಒಂದು ಜೊತೆ ಒಣ ಬಟ್ಟೆ, ಒಂದು ಟವೆಲ್, ತೆಳು ಹೊದಿಕೆ, ಮಳೆ ಕೋಟು. ಹೆಣ್ಣುಮಕ್ಕಳಿಗೆ ಪ್ಯಾಡ್, ಹೆಚ್ಚಿನ ಒಳಉಡುಪು. ಕಾಳಜಿ ಕೇಂದ್ರದಲ್ಲಿ ಗಂಜಿ ಸಿಗುತ್ತದೆ, ಚಾಪೆ ಸಿಗುತ್ತದೆ. ಇದನ್ನು ಮಾತ್ರ ಕೇಳಲು ಸಂಕೋಚಪಡುತ್ತಾರೆ, ಹಾಗಾಗಿ ಮೊದಲೇ ಹಾಕಿಡಿ. ಬಟ್ಟೆ ಬದಲಾಯಿಸಲು ಅಡ್ಡ ಹಿಡಿಯಲು ಹಳೆಯ ಸೀರೆಯೊಂದು, ನಾಲ್ಕು ಪಿನ್ನು. ಹಗ್ಗ ಹತ್ತು ಮೀಟರ್, ಸಣ್ಣ ಚಾಕು, ಬೆಂಕಿಪೊಟ್ಟಣ, ಸೋಪು.

2018ರ ಆಗಸ್ಟಿನಲ್ಲಿ ಕೊಡಗಿನ ಜೋಡುಪಾಲ, ಮಕ್ಕಂದೂರು ಕಡೆ ರಸ್ತೆಗಳೇ ಕೊಚ್ಚಿಹೋಗಿ ಜನ ಗುಡ್ಡ ಹತ್ತಿ ನಡೆಯಬೇಕಾಯಿತು. ಹವಾಯಿ ಚಪ್ಪಲಿ ಕೆಸರಿನಲ್ಲಿ ಎರಡು ಹೆಜ್ಜೆಗೆ ಕಿತ್ತುಬರುತ್ತದೆ. ಹಿಂದೆ ಪಟ್ಟಿ ಇರುವ ಚಪ್ಪಲಿ ಅಥವಾ ಕ್ಯಾನ್ವಾಸ್ ಶೂ ಚೀಲಕ್ಕೆ ಕಟ್ಟಿಡಿ.

ಸಣ್ಣ ಮಕ್ಕಳ ಅಂಗಿಯ ಒಳಗೆ ಹೆಸರು, ಅಪ್ಪ ಅಮ್ಮನ ಫೋನ್ ನಂಬರ್ ಬರೆದ ಬಟ್ಟೆಯ ತುಂಡು ಹೊಲಿಯಿರಿ. ಮಗುವಿಗೂ ಒಂದು ಪುಟ್ಟ ಚೀಲ ಕೊಡಿ: ನೀರು, ಬಿಸ್ಕತ್ತು, ಸೀಟಿ, ಅದಕ್ಕೆ ಇಷ್ಟವಾದ ಒಂದು ಗೊಂಬೆ. ಗೊಂಬೆಯನ್ನು ಭಾರ ಅಂತ ತೆಗೆಯಬೇಡಿ. ಅಂಥ ರಾತ್ರಿಯಲ್ಲಿ ಮಗುವಿಗೆ ನಿದ್ದೆ ಬರುವುದು ಅದರಿಂದಲೇ.

ದನಗಳನ್ನು ಕರೆದುಕೊಂಡು ಹೋಗಲು ಆಗದಿದ್ದರೆ ಹಗ್ಗ ಬಿಚ್ಚಿಬಿಡಿ, ಕೊಟ್ಟಿಗೆಯ ಬಾಗಿಲು ತೆಗೆದಿಡಿ. ದನ ಈಜುತ್ತದೆ, ಎತ್ತರದ ಜಾಗ ಹುಡುಕಿಕೊಳ್ಳುತ್ತದೆ. ಕಟ್ಟಿಹಾಕಿದ್ದರೆ ನಿಂತಲ್ಲೇ ಸಾಯುತ್ತದೆ. ನಾಯಿಯ ಸರಪಳಿಗೂ ಇದೇ ಮಾತು.

ಹೆಜ್ಜೆ 9: ಯಾರು ಏನು ಎತ್ತಿಕೊಳ್ಳಬೇಕು

ಒಂದು ಚೀಟಿಯಲ್ಲಿ ಬರೆದು ಬಾಗಿಲ ಹಿಂದೆ ಅಂಟಿಸಿ. ಅಣ್ಣ ಆಯಿಯ ಕೈ ಹಿಡಿಯುವುದು, ಅತ್ತಿಗೆ ಮಗುವನ್ನು ಮತ್ತು ಕಾಗದದ ಚೀಲವನ್ನು, ನಾನು ಗ್ಯಾಸ್, ಮೇನ್ ಸ್ವಿಚ್, ಕೊಟ್ಟಿಗೆ. ಮೊದಲು ಸೇರುವ ಜಾಗ, ಅದಕ್ಕೆ ದಾರಿ ಇಲ್ಲದಿದ್ದರೆ ಎರಡನೇ ಜಾಗ. ಇದನ್ನು ಒಂದು ಭಾನುವಾರ ಗಡಿಯಾರ ಇಟ್ಟು ಮಾಡಿ ನೋಡಿ. ನಮಗೆ ಮೊದಲ ಸಲ 23 ನಿಮಿಷ ಬೇಕಾಯಿತು, ಕೊಟ್ಟಿಗೆಯ ಚಿಲಕ ತುಕ್ಕು ಹಿಡಿದಿತ್ತು. ಚಿಲಕಕ್ಕೆ ಎಣ್ಣೆ ಹಾಕಿ ಮುಂದಿನ ವಾರ ಮತ್ತೆ ಮಾಡಿದಾಗ ಹತ್ತು ನಿಮಿಷಕ್ಕೆ ಇಳಿಯಿತು. ರಾತ್ರಿ ದೀಪ ಆರಿಸಿಯೂ ಒಮ್ಮೆ ಮಾಡಿ.

ಹೊರಡುವಾಗ ಗ್ಯಾಸ್ ರೆಗ್ಯುಲೇಟರ್ ಬಂದ್ ಮಾಡಿ. ಮೇನ್ ಸ್ವಿಚ್ ಆಫ್ ಮಾಡಿ, ಆದರೆ ನಿಂತ ಜಾಗದಲ್ಲಿ ನೀರಿದ್ದರೆ ಅದನ್ನು ಮುಟ್ಟಲೇಬೇಡಿ. ಹರಿಯುವ ನೀರಿಗೆ ಇಳಿಯಬೇಡಿ. ರಭಸವಿದ್ದರೆ ಗೇಣುದ್ದದ ನೀರು ದೊಡ್ಡವರನ್ನೂ ಬೀಳಿಸುತ್ತದೆ, 60 ಸೆಂಟಿಮೀಟರ್ ನೀರು ಕಾರನ್ನೇ ತೇಲಿಸುತ್ತದೆ. ಸೇತುವೆಯ ಮೇಲೆ ನೀರು ಹರಿಯುತ್ತಿದ್ದರೆ ಎಷ್ಟೇ ಪರಿಚಯದ ದಾರಿಯಾದರೂ ವಾಪಸ್ ತಿರುಗಿ. ಕೆಳಗಿನ ರಸ್ತೆ ಇದೆಯೋ ಹೋಗಿದೆಯೋ ಕಾಣುವುದಿಲ್ಲ.

ಹೆಜ್ಜೆ 10: ವಾಪಸ್ ಬಂದ ಮೇಲೆ

ಹಗಲಿನಲ್ಲೇ ಬನ್ನಿ. ಒಳಗೆ ಹೋಗುವ ಮುಂಚೆ ಕೋಲಿನಿಂದ ಬಾಗಿಲು ಬಡಿಯಿರಿ. ಕಪಾಟು, ಸಂದಿ, ಹಾಸಿಗೆ ಸುರುಳಿಯಲ್ಲಿ ಹಾವು ಇರಬಹುದು. ಕಚ್ಚಿದರೆ ಕೊಯ್ಯುವುದು, ಬಿಗಿಯಾಗಿ ಕಟ್ಟುವುದು ಬೇಡ. ಕಚ್ಚಿದ ಕೈಯನ್ನೋ ಕಾಲನ್ನೋ ಅಲುಗಾಡಿಸದೆ ಆಸ್ಪತ್ರೆಗೆ ಕರೆದುಕೊಂಡು ಹೋಗಿ. ವೈರಿಂಗ್ ಪರೀಕ್ಷೆ ಮಾಡಿಸದೆ ಮೇನ್ ಹಾಕಬೇಡಿ. ಕೆಸರು ತೊಳೆಯುವ ಮುಂಚೆ ಫೋಟೊ ತೆಗೆಯಿರಿ. ಮನೆ ಗುಡಿಸಿ ಸಾರಿಸಿಟ್ಟ ಮೇಲೆ ಸಮೀಕ್ಷೆಗೆ ಬಂದವರಿಗೆ ತೋರಿಸಲು ಏನೂ ಉಳಿದಿರುವುದಿಲ್ಲ.

ಬಾವಿಗೆ ಬ್ಲೀಚಿಂಗ್ ಪೌಡರ್ ಲೆಕ್ಕ: ದುಂಡು ಬಾವಿಯ ಅಡ್ಡಳತೆಯನ್ನು ಮೀಟರಿನಲ್ಲಿ ಅದರಿಂದಲೇ ಗುಣಿಸಿ, ನೀರಿನ ಆಳದಿಂದ ಗುಣಿಸಿ, ಬಂದದ್ದನ್ನು 785ರಿಂದ ಗುಣಿಸಿದರೆ ಲೀಟರ್ ಸಿಗುತ್ತದೆ. 3 ಮೀಟರ್ ಅಗಲ, 4 ಮೀಟರ್ ನೀರಿರುವ ಬಾವಿಯಲ್ಲಿ ಸುಮಾರು 28,000 ಲೀಟರ್. ಸಾಮಾನ್ಯ ದಿನದಲ್ಲಿ ಸಾವಿರ ಲೀಟರಿಗೆ 2.5 ಗ್ರಾಂ, ನೆರೆ ನುಗ್ಗಿದ ಬಾವಿಗೆ ಅದರ ಎರಡರಷ್ಟು. ಅಂದರೆ ಈ ಬಾವಿಗೆ 140 ಗ್ರಾಂ. ಬಕೆಟಿನಲ್ಲಿ ಸ್ವಲ್ಪ ನೀರು ಹಾಕಿ ಗಂಟಿಲ್ಲದಂತೆ ಕಲಸಿ, ಮುಕ್ಕಾಲು ಬಕೆಟ್ ನೀರು ತುಂಬಿ, ಹತ್ತು ನಿಮಿಷ ಬಿಡಿ. ಸುಣ್ಣ ತಳಕ್ಕೆ ಕೂರುತ್ತದೆ. ಮೇಲಿನ ತಿಳಿಯನ್ನು ಮಾತ್ರ ಇನ್ನೊಂದು ಬಕೆಟಿಗೆ ಬಗ್ಗಿಸಿ, ಬಾವಿಯ ನೀರಿನೊಳಗೆ ಇಳಿಸಿ, ಮೇಲೆ ಕೆಳಗೆ ಆಡಿಸಿ. ಕನಿಷ್ಠ ಒಂದು ಗಂಟೆ ಆ ನೀರು ಬಳಸಬೇಡಿ. ಕುಡಿಯುವುದಕ್ಕೆ ಕೆಲವು ದಿನ ಕುದಿಸಿಯೇ ಬಳಸಿ.

ವರ್ಷಕ್ಕೆ ಎರಡು ಸಲ ಬಿಚ್ಚಿ ನೋಡಿ

ಮೇ ಕೊನೆಯ ವಾರ ಒಮ್ಮೆ, ದೀಪಾವಳಿ ಕಳೆದ ಮೇಲೆ ಒಮ್ಮೆ. ತಿಂಡಿ ತೆಗೆದು ತಿಂದು ಹೊಸದು ಹಾಕಿ. ಮಕ್ಕಳ ಬಟ್ಟೆ ಚಿಕ್ಕದಾಗಿರುತ್ತದೆ, ಬದಲಾಯಿಸಿ. ನೀರಿನ ಕ್ಯಾನ್ ತೊಳೆದು ತುಂಬಿ. ಎಲ್ಲವನ್ನೂ ಒಂದೇ ತಿಂಗಳಲ್ಲಿ ಕೊಳ್ಳಬೇಕಾಗಿಲ್ಲ. ಮೊದಲ ವಾರ ಸುಮ್ನೆ ಕಾಗದ, ಗುಳಿಗೆ, ಟಾರ್ಚು ಸೇರಿಸಿ ಬಾಗಿಲ ಹಿಂದೆ ನೇತುಹಾಕಿ. ಉಳಿದದ್ದು ಸಂತೆಗೆ ಹೋದಾಗಲೆಲ್ಲ ಒಂದೊಂದಾಗಿ ಬರಲಿ.

ನಮ್ಮ ಮನೆಯಲ್ಲಿ ಈಗ ಚೀಲ ಬಿಚ್ಚುವ ಕೆಲಸ ಆಯಿಯದು. ಜಗಲಿಯಲ್ಲಿ ಚಾಪೆ ಹಾಸಿ, ಒಂದೊಂದನ್ನೇ ಹೊರಗಿಟ್ಟು, ಕನ್ನಡಕ ಏರಿಸಿಕೊಂಡು ಗುಳಿಗೆ ಪಟ್ಟಿಯ ತಾರೀಕು ಓದುತ್ತಾಳೆ. ಬಿಪಿ ಗುಳಿಗೆಯನ್ನು ಮಾತ್ರ ಎಲ್ಲಕ್ಕಿಂತ ಮೇಲಿನ ಜೇಬಿನಲ್ಲಿ, ತನ್ನ ಕೈಯಾರೆ ಇಡುತ್ತಾಳೆ.